ಓಕ್ ಮರದ ನೆರಳಿನ ಜೇಕು

ದೊಡ್ಡ ಮರದ ಬುಡದಲ್ಲಿ ಹುಲ್ಲುಹಾಸನ್ನು ಬೆಳೆಸಿಯೇ ತೀರಬೇಕೆಂಬ ಹಟದಷ್ಟು ನಿಷ್ಫಲವಾದ ಪರಿಶ್ರಮ ಮನೆದೋಟದ ಕೆಲಸಗಳಲ್ಲಿ ಮತ್ತೊಂದು ಇರಲಾರದು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ, ನ್ಯೂಜೆರ್ಸಿಯಿಂದ ಮೊದಲ್ಗೊಂಡು ಪೆನ್ಸಿಲ್ವೇನಿಯಾ, ಒಹಾಯೊ, ಮಿಷಿಗನ್ ಪ್ರಾಂತಗಳವರೆಗೆ, ಮನೆಯೆಂದ ಮೇಲೆ ಅದರ ಹಿಂದೆಯೋ ಮುಂದೆಯೋ ಒಂದೆರಡು ಓಕ್ ಮರಗಳೋ ಮೇಪಲ್ ಮರಗಳೋ ಇರುವುದು ಸಾಮಾನ್ಯ. ಆ ಮರಗಳ ಕೆಳಗೆಲ್ಲ ಕತ್ತರಿಸಿ ಸಮಮಾಡಿದ ಹಸುರು ಹುಲ್ಲು ಹಾಸಿರಬೇಕೆಂಬ ಸಂಪ್ರದಾಯವೂ ಅಷ್ಟೇ ಸಾಮಾನ್ಯ. ಇವೆರಡಕ್ಕೂ ಹೊಂದಿಕೆಯಾಗುವುದಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಬಿತ್ತಿದ ಬೀಜವು ಚಳಿಗಾಲಕ್ಕೆ ಮುಂಚೆ ಮೊಳೆತು, ಏಪ್ರಿಲ್ ತಿಂಗಳಲ್ಲಿ ಮರಗಳಿನ್ನೂ ಬೋಳಾಗಿ ನಿಂತಿರುವಾಗ ಕಣ್ಣಿಗೆ ಹಿತವಾಗುವಂತೆ ಹಸುರಾಗಿ, ಮೇ ತಿಂಗಳಲ್ಲಿ ಓಕ್ ಎಲೆಬಿಟ್ಟು ನೆರಳು ಕವಿದೊಡನೆ ನಿಸ್ತೇಜವಾಗಿ, ಜುಲೈ ತಿಂಗಳ ಸೆಕೆಯ ಹೊತ್ತಿಗೆ ಬರಿಯ ಮಣ್ಣನ್ನೂ ಅಲ್ಲಲ್ಲಿ ಹಾವಸೆಯನ್ನೂ ಉಳಿಸಿ ಕಣ್ಮರೆಯಾಗಿರುತ್ತದೆ. ಮನೆಯೊಡೆಯನು ಮತ್ತೆ ಸೆಪ್ಟೆಂಬರಿನಲ್ಲಿ ಬೀಜದ ಚೀಲವನ್ನು ಕೊಂಡು ತರುತ್ತಾನೆ. ತಪ್ಪು ಅವನ ಆರೈಕೆಯದಲ್ಲ. ಕೆಂಟಕಿ ಬ್ಲೂಗ್ರಾಸ್ ಎಂದು ಅಮೆರಿಕದ ಪ್ರಾಂತವೊಂದರ ಹೆಸರನ್ನು ಹೊತ್ತಿದ್ದರೂ ಹಾಸಿಗೆಂದು ಬೆಳೆಸುವ ಆ ಹುಲ್ಲಿನ ಮೂಲ ಯೂರೋಪಿನ ಬಯಲುಗಳಲ್ಲಿದೆ; ಬಿಸಿಲನ್ನು ಉಂಡು ಬೆಳೆಯುವ ಸ್ವಭಾವದ ಹುಲ್ಲನ್ನು ಕಾಡಿನ ನೆರಳಿಗೆ ತಂದು ನಿಲ್ಲಿಸಿದರೆ ಅದು ಬೇರೇನು ಮಾಡೀತು?

ಈ ಹುಲ್ಲುಹಾಸಿನ ವ್ಯಾಪ್ತಿಯೇನು ಅಲ್ಪವಲ್ಲ. ಉಪಗ್ರಹಚಿತ್ರಗಳ ನೆರವಿನಿಂದ ಮಾಡಿ 2005ರಲ್ಲಿ ಪ್ರಕಟಿಸಿದ ಒಂದು ಅಂದಾಜಿನ ಪ್ರಕಾರ ಆ ದೇಶದಲ್ಲಿ ಮನೆಯಂಗಳ, ಉದ್ಯಾನ, ಗಾಲ್ಫ್ ಮೈದಾನಗಳೆಲ್ಲ ಸೇರಿ ಸುಮಾರು 1,60,000 ಚದರ ಕಿಲೋಮೀಟರು ನೆಲ ಹುಲ್ಲುಹಾಸಿನ ಪಾಲಾಗಿದೆ. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣವು 1,91,791 ಚದರ ಕಿಲೋಮೀಟರು ಎಂಬುದನ್ನು ನೆನೆದುಕೊಂಡರೆ ಈ ಸಂಖ್ಯೆಯ ಅಗಾಧತೆ ಮನಸ್ಸಿಗೆ ಬರುತ್ತದೆ. ಇಷ್ಟು ನೆಲಕ್ಕೆ ನೀರು, ಗೊಬ್ಬರ, ಕಳೆನಾಶಕ, ವಾರವಾರವೂ ಯಂತ್ರದಿಂದ ಕತ್ತರಿಸುವ ಖರ್ಚು ಇವೆಲ್ಲ ಸಲ್ಲಬೇಕು. ಅದರಲ್ಲಿ ಬಿಸಿಲು ಬೀಳುವ, ಮಕ್ಕಳು ಆಡುವ ಭಾಗದ ಮಾತು ಬೇರೆ. ಅದರ ಪ್ರಯೋಜನವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಮರದ ನೆರಳಿನಲ್ಲಿ, ಯಾರೂ ಆಡದ, ಯಾರೂ ನಡೆಯದ ಮೂಲೆಗಳಲ್ಲಿ ಸಹ ಇದೇ ವ್ಯಯವನ್ನು ವರ್ಷವರ್ಷವೂ ಮಾಡುತ್ತ ಹೋಗುವುದಕ್ಕಿಂತ, ಆ ಮರವೇ ಸಹಸ್ರಾರು ವರ್ಷಗಳಿಂದ ತನ್ನ ಕಾಲಬುಡದಲ್ಲಿ ಯಾವ ಸಸ್ಯವನ್ನು ಇಟ್ಟುಕೊಂಡು ಬಂದಿದೆಯೋ ಅದನ್ನೇ ಕರೆತಂದು ನೆಡುವುದು ವಿವೇಕವೆಂದು ಆ ನಾಡಿನ ತೋಟಗಾರರು ಕೆಲವರು ಈಚೆಗೆ ಕಂಡುಕೊಂಡಿದ್ದಾರೆ. ಆ ಸಸ್ಯಗಳಲ್ಲಿ ಅಗ್ರಗಣ್ಯವಾದದ್ದು ಪೆನ್ಸಿಲ್ವೇನಿಯಾ ಸೆಜ್. ಸಸ್ಯಶಾಸ್ತ್ರದಲ್ಲಿ ಕಾರೆಕ್ಸ್ ಪೆನ್ಸಿಲ್ವ್ಯಾನಿಕ.

ಸೆಜ್ ಎಂದರೆ ನಮ್ಮ ರೈತರಿಗೆ ಚಿರಪರಿಚಿತವಾದ ಜೇಕಿನ ವಂಶ. ಹೊಲದಲ್ಲಿ ಎಷ್ಟು ಕಿತ್ತರೂ ನೆಲದೊಳಗಿನ ಗಡ್ಡೆಯಿಂದ ಮರಳಿ ಚಿಗುರುವ ಜೇಕು, ಅಂದರೆ ಕೊನ್ನಾರಿ, ಆಯುರ್ವೇದದವರ ಭದ್ರಮುಷ್ಟಿ, ಈ ವಂಶಕ್ಕೇ ಸೇರಿದ್ದು. ಪ್ರಾಚೀನ ಈಜಿಪ್ಟಿನವರು ಬರೆವಣಿಗೆಯ ಹಾಳೆಗಳನ್ನು ಮಾಡಿಕೊಳ್ಳುತ್ತಿದ್ದ ಪಪೈರಸ್ ಸಹ ಇದೇ ಕುಟುಂಬದ್ದು. ಪೆನ್ಸಿಲ್ವೇನಿಯಾದಲ್ಲಿ ನೆಲಸಿರುವ ಕನ್ನಡದ ಗೃಹಸ್ಥರೊಬ್ಬರು ತಮ್ಮ ಹಿತ್ತಿಲಿನ ಓಕ್ ಮರದ ಕೆಳಗೆ ಈ ಗಿಡವನ್ನು ನೆಡುತ್ತಿದ್ದಾಗ, ಮಂಡ್ಯದ ಕಡೆಯಿಂದ ಬೇಸಗೆ ಕಳೆಯಲು ಬಂದಿದ್ದ ಅವರ ತಂದೆಯವರು ಅದರ ಬೇರನ್ನು ಕೈಗೆತ್ತಿಕೊಂಡು ನೋಡಿ, "ಇದನ್ನ ಕೀಳೋದ್ರಲ್ಲೇ ನಮ್ಮ ಆಯುಸ್ಸು ಹೋಯ್ತು ಕಣಪ್ಪ, ನೀನು ದುಡ್ಡು ಕೊಟ್ಟು ತಂದು ನೆಡ್ತಿದೀಯಲ್ಲ" ಎಂದು ಮರುಗಿದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. "ಇದು ಆ ಜೇಕಲ್ಲ ಅಪ್ಪಾಜಿ, ಇದರಲ್ಲಿ ಗಡ್ಡೆ ಇಲ್ಲ ನೋಡಿ" ಎಂದು ಮಗ ಉತ್ತರಿಸಿದರು. ತಂದೆಯವರ ಆತಂಕ ಅನುಭವದಿಂದ ಬಂದದ್ದು, ಮಗನ ಉತ್ತರವೂ ಸತ್ಯವೇ. ಒಂದೇ ಕುಟುಂಬದೊಳಗೆ ಸುಮಾರು 5,500 ಜಾತಿಗಳಿರುವಲ್ಲಿ ಎಲ್ಲವೂ ಒಂದೇ ನಡತೆಯವಾಗಿರುತ್ತವೆಂದು ಎಣಿಸಲಾಗದು. ಕಾರೆಕ್ಸ್ ಎಂಬ ಒಂದು ಕುಲದಲ್ಲಿಯೇ ಜಗತ್ತಿನಾದ್ಯಂತ 2,000ದಷ್ಟು ಜಾತಿಗಳಿವೆ; ಹೂಬಿಡುವ ಸಸ್ಯಗಳಲ್ಲಿ ಇದಕ್ಕೆ ಸಮನಾದ ವಿಸ್ತಾರವುಳ್ಳ ಕುಲಗಳು ಕೆಲವು ಮಾತ್ರ.

ಜೇಕಿನ ವಂಶವನ್ನು ಹುಲ್ಲಿನಿಂದ ಬೇರೆಯೆಂದು ಗುರುತಿಸುವುದಕ್ಕೆ ಸೂಕ್ಷ್ಮದರ್ಶಕವೇನೂ ಬೇಕಿಲ್ಲ. ಹೂದಂಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊರಳಿಸಿದರೆ ಹುಲ್ಲಿನ ದಂಟು ಸಲೀಸಾಗಿ ಉರುಳುತ್ತದೆ, ಜೇಕಿನದು ಮೂರು ಏಣುಗಳಾಗಿ ಬೆರಳಿಗೆ ತಡೆಯುತ್ತದೆ. ಹುಲ್ಲಿನ ಎಲೆಗಳು ದಂಟಿನ ಎರಡು ಮಗ್ಗುಲಲ್ಲಿ ಮೂಡಿದರೆ ಇದರವು ಮೂರು ಸಾಲಾಗಿ ಮೂಡುತ್ತವೆ. ಹುಲ್ಲಿನ ದಂಟಿನಲ್ಲಿ ಕಾಣುವ ಗಿಣ್ಣುಗಳು ಇದರ ದಂಟಿನಲ್ಲಿ ಕಾಣುವುದಿಲ್ಲ. ಪೆನ್ಸಿಲ್ವೇನಿಯಾ ಸೆಜ್ ಇಷ್ಟರ ಮೇಲೆ ತನ್ನದೇ ಆದ ಇನ್ನೊಂದು ಗುರುತನ್ನು ಇಟ್ಟುಕೊಂಡಿದೆ: ಗಿಡದ ಬುಡವನ್ನು ಬಿಡಿಸಿ ನೋಡಿದಾಗ, ಎಲೆಗಳನ್ನು ಸುತ್ತಿಕೊಂಡಿರುವ ಒರೆಗಳು ಕೆಂಗಂದು ಬಣ್ಣದವಾಗಿದ್ದು, ಹಳೆಯ ಒರೆಗಳು ಕೊಳೆಯದೆ ನಾರುನಾರಾಗಿ ಅಲ್ಲಿಯೇ ಉಳಿದಿರುತ್ತವೆ. ಎಲೆಯ ಅಗಲ ಮೂರು ಮಿಲಿಮೀಟರನ್ನು ಮೀರುವುದು ಅಪರೂಪ. ಎತ್ತರ ಆರರಿಂದ ಹನ್ನೆರಡು ಅಂಗುಲ, ಅದೂ ನೆಟ್ಟಗೆ ನಿಂತ ಎತ್ತರವಲ್ಲ. ಎಲೆಗಳೆಲ್ಲ ಬಾಚಿ ಬಿಟ್ಟ ಕೂದಲಿನಂತೆ ಒಂದೇ ಮಗ್ಗುಲಿಗೆ ಒಲೆದು ಬಿದ್ದಿರುವುದರಿಂದ ನೋಟಕ್ಕೆ ಒಂದು ಗೇಣಿಗಿಂತ ಎತ್ತರವೆನಿಸುವುದಿಲ್ಲ.

ಈ ಗಿಡವನ್ನು ನೋಡಬೇಕಾದದ್ದು ಏಪ್ರಿಲ್ ತಿಂಗಳಿನಲ್ಲಿ. ಓಕ್ ಮರದ ಮೊಗ್ಗು ಇನ್ನೂ ಒಡೆದಿರುವುದಿಲ್ಲ, ಕಾಡಿನ ನೆಲದ ಮೇಲೆ ಕಳೆದ ವರ್ಷದ ಕಂದು ತರಗೆಲೆಗಳ ಹಾಸು ಹಾಗೆಯೇ ಇರುತ್ತದೆ; ಅಂತಹ ಸಮಯದಲ್ಲಿ ತರಗೆಲೆಗಳ ಸಂದಿಯಿಂದ ಸೂಜಿಯಷ್ಟು ಸಣ್ಣನೆಯ ಹಸುರು ಮೊನೆಗಳು ಮೇಲೆದ್ದು, ಅವುಗಳ ನಡುವೆ ತೆಳುವಾದ ದಂಟುಗಳು ನಿಂತು, ಪ್ರತಿ ದಂಟಿನ ತುದಿಯಲ್ಲಿಯೂ ಗಂಡುಹೂಗಳ ಒಂದು ಕಿರುತೆನೆ ಕಾಣಿಸಿಕೊಳ್ಳುತ್ತದೆ. ಒಂದು ಬೆಚ್ಚನೆಯ ದಿನ ಆ ತೆನೆಯಿಂದ ತಿಳಿಹಳದಿಯ ಕೇಸರಗಳು ಹೊರಬಿದ್ದು ಗಾಳಿಗೆ ತೂಗಾಡತೊಡಗಿದರೆ, ಇಡೀ ನೆಲದ ಮೇಲೆ ಹಳದಿಯ ಮಬ್ಬು ಎದ್ದಂತೆ ತೋರುತ್ತದೆ. ಅದರ ಕೆಳಗೆ ಒಂದರಿಂದ ಮೂರರವರೆಗೆ ಹೆಣ್ಣುತೆನೆಗಳು. ಮೂರು ಕವಲಾದ ಬಿಳಿಯ ಎಳೆಗಳನ್ನು ಹೊರಚಾಚಿ, ಗಾಳಿ ತರುವ ಪರಾಗಕ್ಕಾಗಿ ಅವು ಕಾದಿರುತ್ತವೆ. ಬಣ್ಣದ ದಳವಿಲ್ಲ, ಸುಗಂಧವಿಲ್ಲ. ಹೂವೆಂದರೆ ಗುಲಾಬಿ ಮಲ್ಲಿಗೆಗಳೆಂದು ತಿಳಿದ ಕಣ್ಣು ಇದನ್ನು ಕಾಣದೆಯೇ ದಾಟಿ ಹೋದೀತು. ಮೊಣಕಾಲೂರಿ ಕುಳಿತು ನೋಡುವವರಿಗೆ ಮಾತ್ರ ಇದರ ಸೊಬಗು ದಕ್ಕುತ್ತದೆ.

ಇಷ್ಟು ಮುಂಚಿತವಾಗಿ ಎಚ್ಚರಗೊಳ್ಳುವುದರಲ್ಲಿಯೇ ಈ ಸಸ್ಯದ ಬಾಳಿನ ರಹಸ್ಯವಿದೆ. ಎಲೆಯುದುರುವ ಕಾಡಿನಲ್ಲಿ ನೆಲಕ್ಕೆ ಬಿಸಿಲು ಬೀಳುವುದು ಹಿಮ ಕರಗಿದ ಮೇಲೆ ಮರಗಳು ಎಲೆಬಿಡುವವರೆಗಿನ ಕೆಲವೇ ವಾರಗಳಲ್ಲಿ, ಮತ್ತೆ ಶರದೃತುವಿನಲ್ಲಿ ಎಲೆಯುದುರಿದ ಬಳಿಕ ಹಿಮ ಬೀಳುವವರೆಗೆ. ತಂಪಿನ ಹವೆಯಲ್ಲಿಯೇ ಬೆಳೆಯುವ ಸ್ವಭಾವವನ್ನು ಪಡೆದಿರುವ ಈ ಜೇಕು ಈ ಎರಡು ಅವಧಿಗಳನ್ನೂ ಬಳಸಿಕೊಂಡು ಬೇಕಾದ ಆಹಾರವನ್ನು ಸಂಪಾದಿಸಿ, ಬೇಸಗೆಯ ನೆರಳಿನಲ್ಲಿ ಮಿತವಾಗಿ ಬಾಳುತ್ತದೆ. ನೆಲದೊಳಗೆ ಇದರ ಕಾಂಡವು ಅಡ್ಡಡ್ಡಲಾಗಿ ಹರಿದು, ತುಸು ದೂರದಲ್ಲಿ ಹೊಸ ಮೊಳಕೆಯೆತ್ತಿ, ಅಲ್ಲಿಂದ ಮುಂದಕ್ಕೆ ಮತ್ತೆ ಹರಿಯುತ್ತದೆ. ಹೀಗೆ ನಿಧಾನವಾಗಿ ನೆಲದ ಮೇಲ್ಪದರವನ್ನು ಹೆಣೆದು ಹಿಡಿಯುವುದರಿಂದ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುವುದು ತಪ್ಪುತ್ತದೆ. ಕೆನಡಾದ ಕ್ವಿಬೆಕ್ ಮತ್ತು ಮ್ಯಾನಿಟೋಬಾಗಳಿಂದ ತೊಡಗಿ ದಕ್ಷಿಣದ ಬೆಟ್ಟಸೀಮೆಯವರೆಗೂ ಇದರ ಹರವು ಇದೆ. ಸೊನ್ನೆಗಿಂತ ಮೂವತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯವನ್ನು ತಾಳಬಲ್ಲುದು. ಒಣಗಿದ, ಹುಳಿಯಾದ, ಮರದ ಬೇರುಗಳಿಂದ ಕಿಕ್ಕಿರಿದ ಮಣ್ಣಿನಲ್ಲಿಯೂ ನಿಲ್ಲಬಲ್ಲುದು. ಅದು ಸಹಿಸದಿರುವುದು ನೀರು ನಿಲ್ಲುವ ಜಿಗುಟು ನೆಲವನ್ನು. ಈ ಸಸ್ಯಕ್ಕೆ ಶಾಸ್ತ್ರೀಯ ನಾಮಧೇಯವನ್ನು ಕೊಟ್ಟವನು ಫ್ರಾನ್ಸಿನ ಲಮಾರ್ಕ್. ಜೀವಿಗಳು ತಮ್ಮ ಬಾಳಿನಲ್ಲಿ ಗಳಿಸಿದ ಲಕ್ಷಣಗಳು ಸಂತತಿಗೆ ಇಳಿಯುತ್ತವೆಂಬ ವಾದದಿಂದ ಶಾಲೆಯ ಪುಸ್ತಕಗಳಲ್ಲಿ ನಮಗೆ ಪರಿಚಿತನಾದವನೇ ಇವನು. ಅವನ ದೇಶದಲ್ಲಿ ರಾಜಪ್ರಭುತ್ವ ಕುಸಿದು ಬಿದ್ದ 1792ನೆಯ ವರ್ಷದಲ್ಲಿಯೇ, ಅಲ್ಲಿನ ವಿಶ್ವಕೋಶವೊಂದರ ಸಸ್ಯಭಾಗದಲ್ಲಿ, ಸಾಗರದಾಚೆಯ ಕಾಡಿನ ಈ ಸಾಧಾರಣ ಜೇಕಿನ ವರ್ಣನೆಯೂ ಅಚ್ಚಾಯಿತೆಂಬುದನ್ನು ನೆನೆದಾಗ ವಿದ್ವತ್ತಿನ ಏಕಾಗ್ರತೆಯ ವಿಷಯದಲ್ಲಿ ಗೌರವ ಹುಟ್ಟುತ್ತದೆ.

ಇನ್ನು ನೆಡುವ ಕ್ರಮ. ಇಲ್ಲಿ ಮೊದಲು ನೆನಪಿಡಬೇಕಾದದ್ದು ಗಿಡವನ್ನಲ್ಲ, ಮರವನ್ನು. ಮರದ ಆಹಾರವನ್ನು ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ ಒಂದು ಒಂದೂವರೆ ಅಡಿಯ ಪದರದಲ್ಲಿಯೇ ಹರಡಿರುತ್ತವೆ. ಪಾತಿಮಾಡುವ ಉತ್ಸಾಹದಿಂದ ಯಂತ್ರ ಹಾಕಿ ಉತ್ತರೂ, ನಾಲ್ಕಾರು ಅಂಗುಲ ಹೊಸ ಮಣ್ಣನ್ನು ತಂದು ಸುರಿದರೂ ಆ ಬೇರುಗಳಿಗೆ ಹಾನಿ ತಪ್ಪದು, ಎರಡು ಮೂರು ವರ್ಷಗಳ ಮೇಲೆ ಕೊಂಬೆ ಒಣಗಿದಾಗ ಕಾರಣ ಹೊಳೆಯುವುದೂ ಇಲ್ಲ. ಆದ್ದರಿಂದ ಹಳೆಯ ಹುಲ್ಲನ್ನು ತೆಗೆಯುವುದಕ್ಕೆ ಅಗೆತವನ್ನು ಬಿಟ್ಟು ಮುಚ್ಚಿಗೆಯನ್ನು ಆಶ್ರಯಿಸಬೇಕು: ಬಣ್ಣವಿಲ್ಲದ ರಟ್ಟಿನ ಹಾಳೆಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಹಾಸಿ, ನೀರಿನಿಂದ ತೋಯಿಸಿ, ಮೇಲೆ ಎರಡು ಮೂರು ಅಂಗುಲ ಮರದ ಚೂರನ್ನು ಹರಡಿ, ಮರದ ಬೊಡ್ಡೆಗೆ ತಾಕದಂತೆ ಒಂದು ಮೊಳ ಜಾಗ ಬಿಟ್ಟು, ಬೇಸಗೆಯಿಂದ ಮುಂದಿನ ವಸಂತದವರೆಗೆ ಹಾಗೆಯೇ ಇರಗೊಟ್ಟರೆ ಕೆಳಗಿನ ಹುಲ್ಲು ಬೆಳಕಿಲ್ಲದೆ ಸತ್ತು ಮಣ್ಣಿಗೆ ಸೇರುತ್ತದೆ. ಮರದ ಕೆಳಗೆ ಹುಲ್ಲು ಮೊದಲೇ ಸವೆದು ಹೋಗಿರುವಲ್ಲಿ ಇಷ್ಟೂ ಬೇಕಾಗುವುದಿಲ್ಲ. ಉಳಿದ ಕಳೆಯನ್ನು ಕೈಯಿಂದ ಕಿತ್ತರೆ ಸಾಕು.

ಗಿಡಗಳನ್ನು ನರ್ಸರಿಯವರು ಪ್ಲಗ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ನಮ್ಮಲ್ಲಿ ಟೊಮೇಟೊ, ಮೆಣಸಿನ ಸಸಿಗಳನ್ನು ಪ್ರೋಟ್ರೇಯ ಗುಳಿಗಳಲ್ಲಿ ಎಬ್ಬಿಸಿ ಕೊಡುವುದಿಲ್ಲವೆ, ಅದೇ ಕ್ರಮ. ಗುಳಿ ಮಾತ್ರ ಇನ್ನಷ್ಟು ಆಳ. ಮೇ ತಿಂಗಳಾಗಲಿ ಸೆಪ್ಟೆಂಬರಿನ ಮೊದಲ ವಾರಗಳಾಗಲಿ ನೆಡುವುದಕ್ಕೆ ಪ್ರಶಸ್ತ ಕಾಲ; ಅಕ್ಟೋಬರ್ ದಾಟಿ ನೆಟ್ಟ ಸಸಿಯು ಬೇರು ಬಿಡುವ ಮೊದಲೇ ನೆಲ ಹೆಪ್ಪುಗಟ್ಟಿ, ಉಬ್ಬಿ, ಸಸಿಯನ್ನು ಮೇಲಕ್ಕೆ ದೂಡಿಬಿಡುವುದುಂಟು. ಕಿರಿದಾದ ಅಲಗಿನ ಕೈಗುದ್ದಲಿಯಿಂದ ಬೇರುಗಳ ನಡುವೆ ಸಂದು ನೋಡಿ ಕುಳಿ ತೋಡಬೇಕು; ಹೆಬ್ಬೆರಳಿನಷ್ಟು ದಪ್ಪದ ಬೇರು ಅಡ್ಡ ಬಂದರೆ ಅದನ್ನು ಕಡಿಯದೆ ಕುಳಿಯನ್ನೇ ಪಕ್ಕಕ್ಕೆ ಸರಿಸಬೇಕು. ಸಾಲು ಕಟ್ಟಿ ನೆಡುವ ಹಂಗು ಇಲ್ಲಿಲ್ಲ. ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರವಿಟ್ಟರೆ ನೂರು ಚದರ ಅಡಿಗೆ ನೂರು ಸಸಿ ಬೇಕು, ನೆಲ ಮುಚ್ಚುವುದಕ್ಕೆ ಎರಡು ಮೂರು ವರ್ಷ ಹಿಡಿಯುತ್ತದೆ. ಎಂಟು ಅಂಗುಲದ ಅಂತರವಿಟ್ಟರೆ ಬೇಗನೆ ಮುಚ್ಚುತ್ತದೆ, ಸಸಿಗಳು ಮಾತ್ರ ಇನ್ನೂರಿಪ್ಪತ್ತೈದು ಬೇಕು. ಖರ್ಚಿಗೆ ಅಂಜುವವರು ಇಡೀ ಅಂಗಳವನ್ನು ಒಮ್ಮೆಗೇ ಹಿಡಿಯದೆ, ಒಂದು ಮರದ ಕೆಳಗಿನ ಒಂದು ತುಂಡನ್ನು ಒತ್ತಾಗಿ ನೆಟ್ಟು ಗೆಲ್ಲಿಸಿಕೊಳ್ಳುವುದು, ದೊಡ್ಡ ನೆಲದ ಮೇಲೆ ವಿರಳವಾಗಿ ನೆಟ್ಟು ಕಳೆಗೆ ಸೋಲುವುದಕ್ಕಿಂತ ಎಷ್ಟೋ ಮೇಲು.

ಬೀಜದಿಂದಲೇ ಏಕೆ ಎಬ್ಬಿಸಬಾರದೆಂದು ಯಾರಾದರೂ ಕೇಳಬಹುದು. ನೆರಳಿನಲ್ಲಿ ಈ ಜೇಕು ಬೀಜ ಕಟ್ಟುವುದೇ ಕಡಿಮೆ. ಕಟ್ಟಿದ ಬೀಜವೂ ಜೂನ್ ತಿಂಗಳ ಆದಿಭಾಗದಲ್ಲಿ ಮಾಗಿದೊಡನೆ ಉದುರಿ ತರಗೆಲೆಯಲ್ಲಿ ಮರೆಯಾಗುತ್ತದೆ. ಸಂಗ್ರಹಿಸಿದ್ದು ಸುಲಭವಾಗಿ ಮೊಳೆಯುವುದೂ ಇಲ್ಲ. ಪ್ರತಿ ಬೀಜವನ್ನೂ ನವಿರಾದ ರೋಮಗಳುಳ್ಳ ಒಂದು ಚೀಲ ಸುತ್ತಿಕೊಂಡಿರುತ್ತದೆ. ರೋಮವಿರಲಿ ಇಲ್ಲದಿರಲಿ, ಇಂತಹ ಚೀಲ ಕಾರೆಕ್ಸ್ ಕುಲಕ್ಕೆಲ್ಲ ವಿಶಿಷ್ಟ ಲಕ್ಷಣ. ಬೀಜವನ್ನು ತಿಂಗಳುಗಟ್ಟಲೆ ಒಣಗಿಸಿಟ್ಟು ಪಕ್ವಗೊಳಿಸಿ, ಆಮೇಲೆ ತೇವದಲ್ಲಿ ಶೈತ್ಯಕ್ಕೆ ಒಡ್ಡಿ, ಆ ಚೀಲವನ್ನೂ ಬಿಡಿಸಿದರೆ ಮೊಳೆಯುವ ಪ್ರಮಾಣ ಏರುತ್ತದೆಂದು ಮಿನೆಸೋಟ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದ್ದಾರೆ. ಪ್ರಯೋಗಶಾಲೆಗೆ ಇದು ಸಾಧ್ಯವಾದರೂ ಹಿತ್ತಿಲಿನಲ್ಲಿ ಕುಳಿತು ಸಾಸಿವೆಯಷ್ಟು ಚಿಕ್ಕ ಬೀಜಗಳ ಚೀಲ ಬಿಡಿಸುವಷ್ಟು ವ್ಯವಧಾನ ಯಾರಿಗಿದ್ದೀತು! ಹೀಗಾಗಿ ಬಳಕೆಯಲ್ಲಿರುವ ಮಾರ್ಗ ಬುಡ ಸೀಳಿ ನೆಡುವುದೇ.

ನೆಟ್ಟ ಮೊದಲ ವರ್ಷ ಮಳೆಯೂ ಸೇರಿ ವಾರಕ್ಕೆ ಒಂದು ಅಂಗುಲದಷ್ಟು ನೀರು ಸಿಗಬೇಕು. ಓಕ್ ಮರ ತಾನೇ ನೆಲದ ತೇವವನ್ನೆಲ್ಲ ಹೀರುವುದರಿಂದ ಈ ಮಾತನ್ನು ಸಡಿಲಿಸುವಂತಿಲ್ಲ. ಎರಡನೆಯ ವರ್ಷದಿಂದ ಬರದ ದಿನಗಳಲ್ಲಿ ಮಾತ್ರ ನೀರು ಸಾಕು. ಗೊಬ್ಬರವನ್ನು ಹಾಕಲೇಬಾರದು. ಸಾರವತ್ತಾದ ನೆಲದಲ್ಲಿ ಲಾಭವಾಗುವುದು ಬೇಗ ಬೆಳೆಯುವ ಕಳೆಗೆ ಹೊರತು ನಿಧಾನವಾಗಿ ಬೆಳೆಯುವ ಜೇಕಿಗಲ್ಲ. ಈ ಎರಡು ವರ್ಷಗಳಲ್ಲಿಯೇ ಅನೇಕರು ಧೈರ್ಯಗೆಡುತ್ತಾರೆ. ಮೊದಲನೆಯ ಬೇಸಗೆಯ ಅಂತ್ಯದಲ್ಲಿ ಸಸಿಗಳು ನೆಟ್ಟಾಗಿನ ಗಾತ್ರದಲ್ಲಿಯೇ, ಕೆಲವು ಅದಕ್ಕಿಂತಲೂ ಕೃಶವಾಗಿ ನಿಂತಿರುತ್ತವೆ, ನಡುವೆ ಕಳೆ ನಗುತ್ತಿರುತ್ತದೆ. ಅಂತಹ ಒಂದು ಸಸಿಯ ಪಕ್ಕದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಕೆದಕಿ ನೋಡಿದರೆ ಅಲ್ಲಿ ನಡೆದಿರುವ ಕೆಲಸ ಕಾಣುತ್ತದೆ: ಮೊಳಕೆಯ ಬುಡದಿಂದ ಹೊರಟ ಒಂದು ಅಡ್ಡಕಾಂಡ, ಹೊಲಿಗೆಯ ದಾರಕ್ಕಿಂತ ತುಸು ದಪ್ಪ, ಕಂದು ಪೊರೆಗಳನ್ನು ಹೊದ್ದು, ಮೂರು ನಾಲ್ಕು ಅಂಗುಲ ಆಚೆಗೆ ಹೋಗಿ, ತುದಿಯಲ್ಲಿ ಕೆಂಪು ಛಾಯೆಯ ಬಿಳಿಯ ಮೊನೆಯೊಂದನ್ನು ಮೇಲ್ಮುಖವಾಗಿ ತಿರುಗಿಸಿ ನಿಂತಿರುತ್ತದೆ. ಬರುವ ಏಪ್ರಿಲಿನ ಮೊಳಕೆ ಅದು. ನೋಡಿದವರು ಮಣ್ಣನ್ನು ಮತ್ತೆ ಮುಚ್ಚಿ ಕಳೆ ಕೀಳುವುದನ್ನು ಮುಂದುವರಿಸುತ್ತಾರೆ.

ತರಗೆಲೆಯ ವಿಷಯದಲ್ಲಿ ಎರಡು ಅತಿಗಳಿವೆ. ಒಂದೆಲೆಯೂ ಉಳಿಯದಂತೆ ಬಾಚಿ, ಚೀಲ ತುಂಬಿ ರಸ್ತೆಯ ಅಂಚಿಗೆ ಇಡುವವರು ಮಣ್ಣಿಗೆ ಬರಬೇಕಾದ ಆಹಾರವನ್ನು ಕಳೆಯುತ್ತಾರೆ. ಓಕಿನ ದಪ್ಪ ಎಲೆಗಳನ್ನು ಬಿದ್ದ ಹಾಗೆಯೇ ಅರ್ಧ ಅಡಿ ಪೇರಿಸಿಬಿಡುವವರು ಎಳೆಯ ಸಸಿಗಳನ್ನು ಉಸಿರುಕಟ್ಟಿಸುತ್ತಾರೆ. ಮೊದಲೆರಡು ವರ್ಷ ಹೆಚ್ಚಿನದನ್ನು ತೆಗೆದು, ಉಳಿದುದನ್ನು ಪುಡಿಮಾಡಿ ತೆಳ್ಳಗೆ ಹರಡುವುದು ಸರಿಯಾದ ಮಾರ್ಗ. ಜೇಕು ಒಮ್ಮೆ ಬಲಿತ ಮೇಲೆ ತರಗೆಲೆಯನ್ನು ಸೀಳಿಕೊಂಡೇ ಮೇಲೆ ಬರುತ್ತದೆ. ಕತ್ತರಿಸುವುದು ಅವರವರ ಇಷ್ಟ. ಬಿಟ್ಟರೆ ಅಲೆಯಲೆಯಾಗಿ ಒರಗಿರುತ್ತದೆ. ಹುಲ್ಲುಹಾಸಿನ ನೋಟವೇ ಬೇಕೆನ್ನುವವರು ವರ್ಷಕ್ಕೆ ಎರಡು ಮೂರು ಬಾರಿ, ಎರಡು ಅಂಗುಲಕ್ಕಿಂತ ತಗ್ಗಿಸದೆ, ಕತ್ತರಿಸಬಹುದು. ಅಲ್ಲಿನ ಅನೇಕ ಊರುಗಳಲ್ಲಿ ಅಂಗಳದ ಹುಲ್ಲು ಇಂತಿಷ್ಟು ಅಂಗುಲ ಮೀರಬಾರದೆಂಬ ಪುರಸಭೆಯ ನಿಯಮವಿರುತ್ತದೆ, ಬಡಾವಣೆಯ ಸಂಘಗಳ ಕಟ್ಟಳೆಗಳು ಇನ್ನೂ ಬಿಗಿ. ತಾನೇ ತಾನಾಗಿ ಗಿಡ್ಡವಾಗಿರುವ ಈ ಜೇಕು ಬಹುಮಟ್ಟಿಗೆ ಆ ತಕರಾರಿಗೆ ಸಿಕ್ಕುವುದಿಲ್ಲ. ಮೇರಿಲೆಂಡ್ ಪ್ರಾಂತವು 2021ರಲ್ಲಿ ಒಂದು ಶಾಸನವನ್ನೇ ಮಾಡಿ, ಮನೆಯವರು ಹುಲ್ಲುಹಾಸನ್ನು ಬೆಳೆಸಲೇಬೇಕೆಂದು ಬಡಾವಣೆಯ ಸಂಘಗಳು ಬಲಾತ್ಕರಿಸಲಾಗದಂತೆ ಮಾಡಿತು. ನೆರೆಮನೆಯವರ ಹುಬ್ಬುಗಂಟಿಗೆ ಅಂಜಿ ನೆಲದ ಹಿತವನ್ನು ಬಿಟ್ಟುಕೊಡುತ್ತಿದ್ದ ಎಷ್ಟೋ ಮಂದಿಗೆ ಇದು ದೊಡ್ಡ ಬಲ.

ಇಷ್ಟೆಲ್ಲ ಗುಣವಿರುವ ಗಿಡವನ್ನು ಅಂಗಳದ ತುಂಬ ಒಂದನ್ನೇ ನೆಟ್ಟುಬಿಟ್ಟರೆ ಆಯಿತಲ್ಲ ಎಂದು ಆತುರಪಡುವವರಿಗೆ ಮಿಷಿಗನ್, ವಿಸ್ಕಾನ್ಸಿನ್, ಮಿನೆಸೋಟ ಪ್ರಾಂತಗಳ ಕಾಡುಗಳು ಬೇರೊಂದು ಕತೆ ಹೇಳುತ್ತವೆ. ಅಲ್ಲಿ ಮೇಪಲ್ ಕಾಡುಗಳ ನೆಲ ಕೆಲವೆಡೆ ಮೈಲಿಗಟ್ಟಲೆ ಈ ಜೇಕಿನಿಂದ ಹಚ್ಚಗೆ ಮುಚ್ಚಿಹೋಗಿದೆ. ನೋಡುವುದಕ್ಕೆ ರಮ್ಯ, ಬಲ್ಲವರಿಗೆ ಅದು ರೋಗದ ಕುರುಹು. ಹಿಮಯುಗದ ನೀರ್ಗಲ್ಲುಗಳು ಉಜ್ಜಿಹೋದ ಆ ಉತ್ತರದ ನಾಡಿನಲ್ಲಿ ಸ್ವಾಭಾವಿಕವಾಗಿ ಎರೆಹುಳುಗಳೇ ಇರಲಿಲ್ಲ. ಎರೆಹುಳುವೆಂದರೆ ರೈತನ ಮಿತ್ರನೆಂದು ಓದಿ ಬೆಳೆದ ನಮಗೆ ಇದು ಅಚ್ಚರಿಯ ಸಂಗತಿ. ಯೂರೋಪಿನ ವಲಸೆಗಾರರ ಗಿಡ ಮಣ್ಣುಗಳ ಜೊತೆಯಲ್ಲಿಯೂ, ಅನಂತರ ಮೀನು ಹಿಡಿಯುವವರು ಗಾಳಕ್ಕೆಂದು ತಂದು ಉಳಿದದ್ದನ್ನು ಚೆಲ್ಲಿದ್ದರಿಂದಲೂ ಹರಡಿದ ಎರೆಹುಳುಗಳು, ವರ್ಷಾನುವರ್ಷ ಕೂಡಿ ಮೆತ್ತನೆಯ ಹಾಸಾಗಿದ್ದ ತರಗೆಲೆಯ ಪದರವನ್ನೆಲ್ಲ ತಿಂದು ಮುಗಿಸಿದವು. ಆ ಪದರವನ್ನು ಆಶ್ರಯಿಸಿ ಬೆಳೆಯುವ ಟ್ರಿಲಿಯಂ ಮೊದಲಾದ ಹೂಗಿಡಗಳೂ ಮೇಪಲ್ ಸಸಿಗಳೂ ಕ್ಷೀಣಿಸಿದವು. ಉಳಿದದ್ದನ್ನು ಮಿತಿಮೀರಿ ಹೆಚ್ಚಿದ ಜಿಂಕೆಗಳು ಮೇದವು. ಒಣನೆಲವನ್ನು ತಾಳಬಲ್ಲ, ಜಿಂಕೆಗೆ ಅಷ್ಟಾಗಿ ರುಚಿಸದ ಪೆನ್ಸಿಲ್ವೇನಿಯಾ ಸೆಜ್ ಬರಿದಾದ ಆ ಸ್ಥಳವನ್ನು ಆಕ್ರಮಿಸಿತು. ಒತ್ತಾಗಿ ಹೆಣೆದ ಅದರ ಬೇರಿನ ನಡುವೆ ಈಗ ಮರದ ಸಸಿ ಏಳುವುದೂ ಕಷ್ಟವಾಗಿದೆ. ಅಪರಾಧ ಜೇಕಿನದಲ್ಲ, ಅದರ ಸಂಗಾತಿಗಳನ್ನು ಇಲ್ಲವಾಗಿಸಿದವರದು. ಆದರೂ ತೋಟದಲ್ಲಿ ನಾವೇ ಮುಂದಾಗಿ ಅದನ್ನು ಒಂಟಿಯಾಗಿ ನೆಟ್ಟರೆ, ಹುಲ್ಲುಹಾಸಿನ ಏಕಪ್ರಭುತ್ವವನ್ನು ಇಳಿಸಿ ಇನ್ನೊಂದು ಏಕಪ್ರಭುತ್ವವನ್ನು ಪಟ್ಟಕ್ಕೇರಿಸಿದಂತಾಗುತ್ತದೆ.

ಆದಕಾರಣ ಜೇಕನ್ನು ನೆಡುವಾಗಲೇ ಅದರ ಸಹವಾಸಿಗಳನ್ನೂ ಜೊತೆಗೆ ನೆಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಸಂತದಲ್ಲಿ ನಸುಗೆಂಪು ಹೂಬಿಡುವ ಕಾಡು ಜೆರೇನಿಯಂ, ಬಿಳಿಯ ನೊರೆಯಂತಹ ಗೊಂಚಲಿನ ಟಿಯರೆಲ್ಲ, ಕೆಂಪು ಹಳದಿಯ ಹೂಗಳನ್ನು ತಲೆಕೆಳಗಾಗಿ ತೂಗುವ ಕಾಡು ಕಾಲಂಬೈನ್, ಚಳಿಗಾಲದಲ್ಲಿಯೂ ಹಸುರಾಗಿಯೇ ಇರುವ ಕ್ರಿಸ್ಮಸ್ ಜರೀಗಿಡ, ಬೇರೆಲ್ಲ ಮುಗಿದ ಸೆಪ್ಟೆಂಬರಿನಲ್ಲಿ ಅರಳುವ ಕಾಡು ಆಸ್ಟರ್, ಇವೆಲ್ಲ ಓಕ್ ಕಾಡಿನವೇ. ಇವುಗಳನ್ನು ಮೂರು ಮೂರು, ಐದು ಐದರ ಗುಂಪಾಗಿ ಮೊದಲು ನೆಟ್ಟು, ಅವುಗಳ ನಡುವಣ ತೆರಪನ್ನು ಜೇಕಿನಿಂದ ತುಂಬಿದರೆ, ಹೂವಿನ ಹೊಣೆ ಅವುಗಳಿಗೂ ನೆಲ ಕಾಯುವ ಹೊಣೆ ಇದಕ್ಕೂ ಹಂಚಿಕೆಯಾಗುತ್ತದೆ. ಜೇನಿಗೂ ದುಂಬಿಗೂ ಜೇಕಿನ ಹೂವಿನಲ್ಲಿ ಮಧುವಿಲ್ಲ, ಉಳಿದ ಹೂಗಿಡಗಳಲ್ಲಿದೆ. ಜೇಕಿನ ಬೀಜವನ್ನು ಗುಬ್ಬಚ್ಚಿಯ ಜಾತಿಯ ಹಕ್ಕಿಗಳೂ ಕಾಡುಕೋಳಿಯ ಜಾತಿಯವೂ ಆಯ್ದು ತಿನ್ನುತ್ತವೆ.

ಎಲ್ಲ ನೆರಳೂ ಒಂದೇ ಬಗೆಯದಲ್ಲವಾದ್ದರಿಂದ ಎಲ್ಲೆಡೆಗೂ ಇದೊಂದೇ ಜೇಕು ಒಪ್ಪುವುದೂ ಇಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಎಲೆಗಳ ನಡುವೆ ಸೋಸಿದ ಬಿಸಿಲು ಬೀಳುವ ಒಣನೆಲ ಪೆನ್ಸಿಲ್ವೇನಿಯಾ ಸೆಜ್‌ಗೆ ತಕ್ಕದ್ದು. ಹರಿದು ಹೋಗದೆ ಗುಚ್ಛವಾಗಿಯೇ ನಿಲ್ಲುವ ಗಿಡ ಬೇಕಾದರೆ ಅಪಲಾಚಿಯನ್ ಸೆಜ್ ಇದೆ. ತೇವವಿರುವ ದಟ್ಟ ನೆರಳಿಗೆ ಅಗಲವಾದ, ಸುಕ್ಕುಸುಕ್ಕಾದ ಎಲೆಯ ಪ್ಲಾಂಟೇನ್ ಎಲೆಯ ಸೆಜ್ ಇದೆ. ನೀರು ನಿಲ್ಲುವ ತಗ್ಗಿಗೆ ಮುಳ್ಳುಗದೆಯಂತಹ ಕಾಯಿ ಬಿಡುವ ಗ್ರೇ ಸೆಜ್ ಇದೆ. ಡೆಲವೇರ್ ಪ್ರಾಂತದ ಮೌಂಟ್ ಕ್ಯೂಬ ಸಸ್ಯೋದ್ಯಾನದವರು 2018ರಿಂದ 2021ರವರೆಗೆ ಸುಮಾರು 70 ಬಗೆಯ ಕಾರೆಕ್ಸ್‌ಗಳನ್ನು ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಅಕ್ಕಪಕ್ಕದಲ್ಲಿ ಬೆಳೆಸಿ ಪರೀಕ್ಷಿಸಿದಾಗ ಮೊದಲ ಸ್ಥಾನವನ್ನು ಪಡೆದದ್ದು ವುಡ್ಸ್ ಸೆಜ್ ಎಂಬ ಇನ್ನೊಂದು ಕಾಡುಜಾತಿ. ತನ್ನ ಅಂಗಳದ ನೆರಳನ್ನು ಒಂದು ವರ್ಷವಾದರೂ ಗಮನಿಸಿ, ಬಿಸಿಲು ಎಲ್ಲಿ ಯಾವ ಹೊತ್ತಿಗೆ ಬೀಳುತ್ತದೆಂದು ತಿಳಿದುಕೊಂಡ ಬಳಿಕವೇ ಜಾತಿಯನ್ನು ಆರಿಸುವುದು ಲೇಸು.

ಈ ಬರೆಹವನ್ನು ಓದಿ ಬೆಂಗಳೂರಿನ ಮಾವಿನ ಮರದ ಕೆಳಗೆ ಈ ಜೇಕನ್ನು ತರಿಸಿ ನೆಡಲು ಯಾರೂ ಹೊರಡದಿರಲಿ. ಹೆಪ್ಪುಗಟ್ಟುವ ಚಳಿಗಾಲದಲ್ಲಿ ವಿಶ್ರಮಿಸಿ ಏಳುವುದು ಇದರ ಜನ್ಮಸ್ವಭಾವ. ಪರವಾನಗಿಯಿಲ್ಲದೆ ಹೊರದೇಶದ ಸಸಿಯನ್ನು ಸಾಮಾನಿನಲ್ಲಿ ಅಡಗಿಸಿ ತರುವುದು ಸಸ್ಯರೋಗಗಳ ತಡೆಗಾಗಿರುವ ಕಾನೂನಿಗೆ ವಿರುದ್ಧ. ಕಾರೆಕ್ಸ್ ಕುಲವೇನೂ ನಮಗೆ ಪರಕೀಯವಲ್ಲ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳ ನೆಲದಲ್ಲಿಯೂ ಶೋಲಾ ವನಗಳಲ್ಲಿಯೂ ಅದರ ಹಲವು ಜಾತಿಗಳು ಸಹಜವಾಗಿ ಬೆಳೆದಿವೆ. ಮಲೆನಾಡಿನ ತೋಟದ ಅಂಚಿನ ನೆರಳಿನಲ್ಲಿ ಮೂರೇಣಿನ ದಂಟಿನ ಗಿಡ ಕಂಡರೆ, ಕಳೆಯೆಂದು ಸವರಿಹಾಕುವ ಮುನ್ನ ಅದಕ್ಕೆ ಗಡ್ಡೆಯಿದೆಯೋ ಇಲ್ಲವೋ ಎಂದಾದರೂ ನೋಡುವುದು ಒಳ್ಳೆಯದು.

ಅಮೆರಿಕದಲ್ಲಿ ಇದನ್ನು ಈಗಾಗಲೇ ನೆಟ್ಟು ಗೆಲ್ಲಿಸಿಕೊಂಡಿರುವವರು ಮತ್ತೆ ನರ್ಸರಿಗೆ ಹೋಗಬೇಕಾದದ್ದಿಲ್ಲ. ಮೂರನೆಯ ವರ್ಷ ದಾಟಿದ ಪಾತಿಯ ಹೊರ ಅಂಚಿನಿಂದ, ಹೂ ಮುಗಿದ ಮೇ ತಿಂಗಳಿನಲ್ಲಿ ಅಥವಾ ಸೆಪ್ಟೆಂಬರಿನ ಮೊದಲ ಮಳೆಯ ಮರುದಿನ, ಅಂಗೈಯಗಲದ ಒಂದು ಹೆಂಟೆಯನ್ನು ಮಣ್ಣುಸಮೇತ ಎಬ್ಬಿಸಿ, ಹರಿತವಾದ ಚಾಕುವಿನಿಂದ ಒಂದೊಂದು ಹೋಳಿನಲ್ಲಿಯೂ ನಾಲ್ಕಾರು ಮೊಳಕೆಗಳೂ ಅವುಗಳ ಬೇರೂ ಬರುವಂತೆ ಸೀಳಿ, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಬೇರಿಗೆ ಗಾಳಿ ತಾಕಿ ಒಣಗುವ ಮೊದಲೇ ಮುಂದಿನ ಮರದ ಕೆಳಗೆ ನೆಟ್ಟು ನೀರೆರೆಯಬೇಕು. ಅಗೆದ ಸ್ಥಳಕ್ಕೆ ಒಂದು ಹಿಡಿ ಎಲೆಗೊಬ್ಬರವನ್ನು ತುಂಬಿದರೆ ಅದು ಮುಂದಿನ ವಸಂತಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ.